ಕಿವಿಯ ಹತ್ತಿರ ಅಲ್ಲಾಡಿಸಿದ ಗೂಡು: ನೌಕರಿ ಬಿಟ್ಟ ಒಬ್ಬ ಜೀವವಿಜ್ಞಾನಿಯ ಜಮಾಖರ್ಚು

1865ರಲ್ಲಿ ಒಂದು ದಿನ ದಕ್ಷಿಣ ಫ್ರಾನ್ಸಿನ ಅವಿನ್ಯೋನ್ ಊರಿನ ಮೇಷ್ಟ್ರೊಬ್ಬನ ಮನೆ ಬಾಗಿಲಿಗೆ ಲೂಯಿ ಪಾಶ್ಚರ್ ಬಂದು ನಿಂತ. ಆ ಸೀಮೆಯ ರೇಷ್ಮೆಹುಳುಗಳು ಪೆಬ್ರಿನ್ ರೋಗ ತಗುಲಿ ತಟ್ಟೆ ತಟ್ಟೆಯೇ ಸಾಯುತ್ತಿದ್ದವು. ಪರಿಹಾರ ಹುಡುಕಲು ಸರ್ಕಾರ ಪಾಶ್ಚರನನ್ನು ಕಳಿಸಿತ್ತು. ಹುಳುಹುಪ್ಪಟೆಯ ವಿಷಯ ಬಲ್ಲವನೆಂದು ಈ ಮೇಷ್ಟ್ರ ಹೆಸರು ಕಿವಿಗೆ ಬಿದ್ದಿತ್ತು. ತನಗೊಂದು ರೇಷ್ಮೆಗೂಡು ನೋಡಬೇಕಿದೆ, ಹೆಸರು ಕೇಳಿದ್ದೇನೆಯೇ ಹೊರತು ಕಣ್ಣಾರೆ ಕಂಡಿಲ್ಲ ಎಂದ ಪಾಶ್ಚರ್. ಮೇಷ್ಟ್ರು ಪಕ್ಕದಿಂದ ಒಂದಷ್ಟು ಗೂಡು ತಂದುಕೊಟ್ಟ. ಪಾಶ್ಚರ್ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಬೆರಗಾದ. ಹುಳು ಪತಂಗವಾಗುವ ಮುಂಚೆ ಒಳಗೆ ಕೋಶವಾಗಿ ಮಲಗಿರುತ್ತದೆ ಎಂಬುದನ್ನು ಮೇಷ್ಟ್ರೇ ಬಿಡಿಸಿ ಹೇಳಬೇಕಾಯಿತು.

ರಾಮನಗರದ ಗೂಡಿನ ಮಾರುಕಟ್ಟೆಗೆ ಅಪ್ಪನ ಜೊತೆ ಹೋದ ಮಗುವಿಗೂ ಗೊತ್ತಿರುವ ಸಂಗತಿ ಇದು. ಆದರೆ ಇದನ್ನು ಅರಿಯದ ಮನುಷ್ಯನೇ ಕೆಲವು ವರ್ಷಗಳಲ್ಲಿ ಆ ರೋಗವನ್ನು ಹಿಡಿದುಹಾಕಿದ. ಮೊಟ್ಟೆಯಿಟ್ಟ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡಿ, ರೋಗವಿದ್ದರೆ ಮೊಟ್ಟೆ ಸುಟ್ಟುಹಾಕುವ ಅವನ ವಿಧಾನ ನಮ್ಮ ಮೊಟ್ಟೆ ಉತ್ಪಾದನಾ ಕೇಂದ್ರಗಳಲ್ಲಿ ಇವತ್ತಿಗೂ ನಡೆಯುತ್ತಿದೆ.

ಹೊರಡುವ ಮುಂಚೆ ಪಾಶ್ಚರ್, ನಿಮ್ಮ ದ್ರಾಕ್ಷಾರಸದ ನೆಲಮಾಳಿಗೆ ತೋರಿಸಿ ಎಂದ. ದ್ರಾಕ್ಷಾರಸ ಕಾಯಿಸಿ ಕೆಡದಂತೆ ಇಡುವುದು ಆಗ ಅವನ ಇನ್ನೊಂದು ಕೆಲಸ. ಮೇಷ್ಟ್ರಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಹುಲ್ಲು ಕಿತ್ತುಹೋದ ಕುರ್ಚಿಯ ಮೇಲಿದ್ದ ಒಂದು ದೊಡ್ಡ ಸೀಸೆ ತೋರಿಸಿ, ಇದೇ ನನ್ನ ನೆಲಮಾಳಿಗೆ ಎಂದ. ಪಾಶ್ಚರ್ ಮಾತಾಡಲಿಲ್ಲ. ಇಬ್ಬರ ನಡುವೆ ಒಂದೇ ವರ್ಷದ ಅಂತರ, ಇಬ್ಬರೂ ಬಡವರ ಮನೆಯಿಂದ ಬಂದವರು. ಒಬ್ಬನ ಬೆನ್ನಿಗೆ ಪ್ಯಾರಿಸ್ಸಿನ ಪ್ರಯೋಗಾಲಯ, ಇನ್ನೊಬ್ಬನ ಬೆನ್ನಿಗೆ ವರ್ಷಕ್ಕೆ 1600 ಫ್ರಾಂಕ್ ಸಂಬಳದ ಮೇಷ್ಟ್ರುಗಿರಿ.

ಆ ಮೇಷ್ಟ್ರು ಝಾನ್ ಆನ್ರಿ ಫಾಬ್ರೆ. ನೌಕರಿ ಬಿಟ್ಟು, ಬರೆದು ಬದುಕಿ, ಕೀಟಗಳನ್ನು ಯಾರ ಹಂಗಿಲ್ಲದೆ ನೋಡಿದವನು. 'ಸ್ವತಂತ್ರ ವಿಜ್ಞಾನಿ' ಎಂದಾಗಲೆಲ್ಲ ಅವನನ್ನು ಸಂತನ ಹಾಗೆ ನೆನೆಯುವ ರೂಢಿಯಿದೆ. ನನಗೆ ಕುತೂಹಲ ಇರುವುದು ಸಂತನ ಬಗ್ಗೆ ಅಲ್ಲ. ಐದು ಮಕ್ಕಳ ಸಂಸಾರಿ ನಲವತ್ತಾರನೆಯ ವಯಸ್ಸಿನಲ್ಲಿ ಸಂಬಳ ಬಿಟ್ಟ ಮೇಲೆ ಮನೆಗೆ ಅಕ್ಕಿಬೇಳೆ ಎಲ್ಲಿಂದ ಬಂತು? ಆ ಸ್ವಾತಂತ್ರ್ಯಕ್ಕೆ ದುಡ್ಡು ಕೊಟ್ಟವರು ಯಾರು, ಅದು ಕಸಿದುಕೊಂಡದ್ದು ಏನು?

ಒಂದು ತಿಂಗಳ ಸಂಬಳದ ಪುಸ್ತಕ

ಹುಟ್ಟಿದ್ದು 1823ರ ಡಿಸೆಂಬರಿನಲ್ಲಿ, ಅವೇರೋಂ ಗುಡ್ಡಗಾಡಿನ ಸೇಂಟ್ ಲೆಯೋನ್ ಹಳ್ಳಿಯಲ್ಲಿ. ಅಪ್ಪ ಊರಿಂದೂರಿಗೆ ಹೋಗಿ ಕಾಫಿ ಅಂಗಡಿ ಇಟ್ಟು ಎಲ್ಲಿಯೂ ನೆಲೆ ನಿಲ್ಲದವನು. ಹುಡುಗ ಜಾತ್ರೆಯಲ್ಲಿ ನಿಂಬೆಹಣ್ಣು ಮಾರಿದ, ರೈಲುಹಾದಿ ಹಾಕುವಲ್ಲಿ ಕೂಲಿ ಮಾಡಿದ. ಅವಿನ್ಯೋನಿನ ಶಿಕ್ಷಕರ ತರಬೇತಿ ಶಾಲೆಯ ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬಂದದ್ದರಿಂದ ದಾರಿ ತೆರೆಯಿತು. 1842ರಲ್ಲಿ ಕಾರ್ಪಾಂತ್ರಾಸ್ ಎಂಬಲ್ಲಿ ಮೇಷ್ಟ್ರಾದ. ವರ್ಷಕ್ಕೆ 700 ಫ್ರಾಂಕ್.

ಅಲ್ಲಿ ಹುಡುಗರಿಗೆ ಭೂಮಿ ಅಳೆಯುವುದನ್ನು ಕಲಿಸಲು ಬಯಲಿಗೆ ಕರೆದುಕೊಂಡು ಹೋಗುತ್ತಿದ್ದ. ಗೂಟ ನೆಡಲು ಹೋದ ಹುಡುಗ ನಡುವೆ ಬಗ್ಗುವುದು, ಕಲ್ಲು ಹುಡುಕುವುದು, ಬಾಯಿಗೆ ಹುಲ್ಲುಕಡ್ಡಿ ಇಡುವುದು. ಏನೆಂದು ನೋಡಿದರೆ ಕಲ್ಲಿನ ಮೇಲೆ ಗಾರೆಯಂಥ ಮಣ್ಣಿನಿಂದ ಗೂಡು ಕಟ್ಟುವ ಕಪ್ಪು ಒಂಟಿ ಜೇನು, ಅದರ ತುಪ್ಪವನ್ನು ಹುಡುಗರು ಕಡ್ಡಿಯಿಂದ ಹೀರುತ್ತಿದ್ದರು. ಮೇಷ್ಟ್ರೂ ಹೀರಿದ. ಆ ಹುಳುವಿನ ಹೆಸರು ತಿಳಿಯಲೇಬೇಕೆನಿಸಿ ಪುಸ್ತಕದ ಅಂಗಡಿಗೆ ಹೋದ. ಕಾಸ್ತೆಲ್ನೋ, ಬ್ಲಾಂಶಾರ್, ಲ್ಯೂಕಾ ಎಂಬ ಮೂವರು ಬರೆದ ಕೀಟಗಳ ದೊಡ್ಡ ಗ್ರಂಥವೊಂದಿತ್ತು. ಬೆಲೆ ಒಂದು ತಿಂಗಳ ಸಂಬಳ. ಕೊಂಡ. ಆ ತಿಂಗಳು ಮನೆ ಹೇಗೆ ನಡೆಯಿತೆಂದು ಅವನು ಬಿಡಿಸಿ ಬರೆದಿಲ್ಲ.

ಆಮೇಲಿನದು ಬೇಗ ಹೇಳಬಹುದು: ಕಾರ್ಸಿಕಾ ದ್ವೀಪದಲ್ಲಿ ಕೆಲವು ವರ್ಷ ಭೌತವಿಜ್ಞಾನದ ಪಾಠ, ಮಲೇರಿಯಾ, 1853ರಲ್ಲಿ ಅವಿನ್ಯೋನಿಗೆ ವಾಪಸ್ಸು, 1855ರಲ್ಲಿ ಪ್ಯಾರಿಸ್ಸಿನಿಂದ ಡಾಕ್ಟರೇಟ್. ಅಂದರೆ ಪದವಿ ಇಲ್ಲದ ಹವ್ಯಾಸಿ ಅಲ್ಲ ಇವನು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ 'ಕಾಲೇಜು ಮೆಟ್ಟಿಲು ಹತ್ತದ ಪ್ರತಿಭೆ' ಎಂಬ ಕಥೆ ಇವನ ಸುತ್ತ ಆಗಾಗ ಹುಟ್ಟಿಕೊಳ್ಳುತ್ತದೆ.

ಹೆಸರು ತಂದದ್ದು ಒಂದು ಕಣಜ. ಬೇಟೆಯಾಡುವ ಒಂಟಿ ಕಣಜಗಳು ದುಂಬಿಯನ್ನೋ ಹುಳುವನ್ನೋ ಹೊತ್ತು ತಂದು ಬಿಲದಲ್ಲಿಟ್ಟು, ಅದರ ಮೇಲೆ ಮೊಟ್ಟೆಯಿಡುತ್ತವೆ. ಕನ್ನಡದ ಒಂದೇ ಪದ ಕಾಳಿನ ಕಣಜಕ್ಕೂ ಈ ಹುಳುವಿಗೂ ಸಲ್ಲುವುದು ಎಷ್ಟು ಸರಿಯಾಗಿದೆ! ಆ ಬಿಲ ನಿಜಕ್ಕೂ ಉಗ್ರಾಣ. ಅಲ್ಲಿಟ್ಟ ಬೇಟೆ ವಾರಗಟ್ಟಲೆ ಕೊಳೆಯದೆ ಇರುವುದನ್ನು ಆ ಕಾಲದ ಹಿರಿಯ ಕೀಟತಜ್ಞ ಲೆಯೋನ್ ದ್ಯುಫೂರ್ ಗಮನಿಸಿದ್ದ. ಕಣಜ ಅದನ್ನು ಕೊಂದು, ಕೊಳೆಯದಂತೆ ಮಾಡುವ ಏನೋ ರಸ ಚುಚ್ಚುತ್ತದೆ ಎಂಬುದು ಅವನ ಊಹೆ. ಚಳಿಗಾಲದ ಒಂದು ರಾತ್ರಿ ಒಲೆಯ ಪಕ್ಕ ಕೂತು ಈ ಲೇಖನ ಓದಿದ ಫಾಬ್ರೆ, ಬೇಸಿಗೆಯಲ್ಲಿ ತಾನೇ ನೋಡಲು ಹೋದ. ಬೇಟೆ ಸತ್ತೇ ಇರಲಿಲ್ಲ. ಕಣಜ ಮೂತಿಹುಳುವಿನ ಎದೆಯಡಿಯ ನರಗಂಟಿಗೆ ಕೊಂಡಿ ಇಳಿಸಿ ಅದನ್ನು ಲಕ್ವ ಹೊಡೆದ ಹಾಗೆ ಮಾಡಿತ್ತು. ಮರಿಗೆ ಕೊನೆಯವರೆಗೂ ತಾಜಾ ಊಟ. ಪೆನ್ನಿನ ಮುಳ್ಳಿಗೆ ಅಮೋನಿಯ ಅದ್ದಿ ಅದೇ ಜಾಗಕ್ಕೆ ಚುಚ್ಚಿ, ತಾನೂ ಅದೇ ಫಲ ಪಡೆದು ತೋರಿಸಿದ.

ನಮ್ಮಲ್ಲಿ ಇದೇ ದೃಶ್ಯಕ್ಕೆ ಬೇರೆಯದೇ ಅರ್ಥ ಬಂದಿತ್ತು. ಗೋಡೆಯ ಮೇಲಿನ ಮಣ್ಣುಗೂಡಿನೊಳಗೆ ಹೋದದ್ದು ಹಸಿರು ಹುಳು, ಹೊರಬಂದದ್ದು ರೆಕ್ಕೆಯ ಕಣಜ. ಗುರುವಿನ ಧ್ಯಾನದಲ್ಲಿ ಶಿಷ್ಯ ಗುರುವೇ ಆಗುವುದಕ್ಕೆ ಹಿರಿಯರು ಇದನ್ನೇ ಉಪಮೆ ಮಾಡಿ ಕೀಟ-ಭ್ರಮರ ನ್ಯಾಯ ಎಂದರು. ಉಪಮೆ ಚೆಂದವೇ. ಫಾಬ್ರೆಯ ಬಿಲದಲ್ಲಿ ಮಾತ್ರ ಶಿಷ್ಯನನ್ನು ಗುರುವಿನ ಮಗು ಜೀವಂತವಾಗಿಯೇ ತಿನ್ನುತ್ತಿತ್ತು.

1856ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯಿಂದ ಈ ಕೆಲಸಕ್ಕೆ ಬಹುಮಾನ ಬಂತು. ತನ್ನನ್ನು ತಿದ್ದಿದವನಿಗೆ ದ್ಯುಫೂರನೇ ಮೆಚ್ಚಿ ಕಾಗದ ಬರೆದ. ಡಾರ್ವಿನ್ ತನ್ನ 'ಜೀವಿಗಳ ಉಗಮ'ದ ಮುಂದಿನ ಆವೃತ್ತಿಯಲ್ಲಿ ಫಾಬ್ರೆಯನ್ನು ಸರಿಸಾಟಿಯಿಲ್ಲದ ವೀಕ್ಷಕ ಎಂದು ಕರೆದ. ಸಂಬಳ ಮಾತ್ರ 1600ರಲ್ಲೇ ನಿಂತಿತ್ತು.

ಇನ್‌ಸ್ಪೆಕ್ಟರ್ ಕೇಳಿದ ಪ್ರಶ್ನೆ

ಫಾಬ್ರೆಗೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಆಸೆ ಇತ್ತು. ತರಗತಿ ನೋಡಲು ಬಂದ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರನೊಬ್ಬ ಇವನ ಪಾಠ ಮೆಚ್ಚಿ, ಆಮೇಲೆ ತಣ್ಣಗೆ ಕೇಳಿದ: ನಿನಗೆ ಸ್ವಂತ ಆಸ್ತಿ ಇದೆಯೋ? ಇಲ್ಲದಿದ್ದರೆ ಆ ಆಸೆ ಬಿಡು. ಪ್ರಾಧ್ಯಾಪಕನಾದವನು ದೊಡ್ಡವರ ನಡುವೆ ಅವರಂತೆ ಬದುಕಬೇಕು, ಆ ಸಂಬಳದಲ್ಲಿ ಅದು ಆಗದು. ಅಪಮಾನ ಮಾಡಲು ಆಡಿದ ಮಾತಲ್ಲ, ಒಳ್ಳೆಯ ಮನಸ್ಸಿನಿಂದ ಕೊಟ್ಟ ಬುದ್ಧಿವಾದ. ಹತ್ತೊಂಬತ್ತನೆಯ ಶತಮಾನದ ವಿಜ್ಞಾನ ಹೇಗೆ ನಡೆಯುತ್ತಿತ್ತು ಎನ್ನಲು ಈ ಒಂದು ಪ್ರಶ್ನೆ ಸಾಕು. ಡಾರ್ವಿನ್ ಕೂಡ ಯಾವ ಸಂಸ್ಥೆಗೂ ಸೇರದ ಸ್ವತಂತ್ರನೇ, ಆದರೆ ಅವನಿಗೆ ಅಪ್ಪನ ಆಸ್ತಿ ಇತ್ತು.

ಹಾಗಾದರೆ ಆಸ್ತಿ ಮಾಡೋಣ ಎಂದು ಹೊರಟ ಫಾಬ್ರೆ. ಅವಿನ್ಯೋನ್ ಸೀಮೆಯ ದೊಡ್ಡ ಬೆಳೆ ಆಗ ಮಂಜಿಷ್ಠ. ನಮ್ಮ ಕಾಡಿನ ಮಂಜಿಷ್ಠದ ದಾಯಾದಿ ಗಿಡ, ಬೇರಿನಲ್ಲಿ ಕೆಂಪು ಬಣ್ಣ. ಫ್ರೆಂಚ್ ಸೈನಿಕರ ಕೆಂಪು ಷರಾಯಿಗೆ ಬಣ್ಣ ಬರುತ್ತಿದ್ದುದು ಇದರಿಂದಲೇ. ಬೇರಿನ ಪುಡಿಯಿಂದ ಶುದ್ಧ ಬಣ್ಣ ತೆಗೆಯುವ ಉಪಾಯಕ್ಕೆ ಬಿಡುವಿನ ವೇಳೆಯನ್ನೆಲ್ಲ ಸುರಿದ, ಪೇಟೆಂಟ್ ಪಡೆದ, ಕೈ ಸದಾ ಕೆಂಪು. ಕೈ ಹೀಗೆ ಹಂಡೆಯಲ್ಲಿದ್ದಾಗಲೇ ಶಿಕ್ಷಣ ಮಂತ್ರಿ ವಿಕ್ತೋರ್ ದ್ಯುರ್ಯುಯಿ ಬಂದು ನೋಡಿ ಮೆಚ್ಚಿಹೋದ. ಅವನ ಕೃಪೆಯಿಂದ 1868ರಲ್ಲಿ ಪ್ಯಾರಿಸ್ಸಿನಲ್ಲಿ ಪದಕ, ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ದರ್ಶನ. ಆಸ್ಥಾನದ ಪರಿಚಾರಕರು ಇವನ ಕಣ್ಣಿಗೆ ಕಾಫಿ ಬಣ್ಣದ ರೆಕ್ಕೆಕವಚ ತೊಟ್ಟ ದೊಡ್ಡ ದುಂಬಿಗಳ ಹಾಗೆ ಕಂಡರಂತೆ.

ಅದೇ 1868ರಲ್ಲಿ ಗ್ರೇಬೆ ಮತ್ತು ಲೀಬರ್ಮನ್ ಎಂಬ ಇಬ್ಬರು ಜರ್ಮನ್ ರಸಾಯನವಿಜ್ಞಾನಿಗಳು ಕಲ್ಲಿದ್ದಲ ಟಾರಿನ ಪದಾರ್ಥದಿಂದ ಅದೇ ಬಣ್ಣವನ್ನು, ಅಂದರೆ ಅಲಿಜರಿನ್ ಅನ್ನು, ತಯಾರಿಸಿಬಿಟ್ಟರು. ಕೆಲವೇ ವರ್ಷಗಳಲ್ಲಿ ಮಂಜಿಷ್ಠದ ಹೊಲಗಳೇ ಅಳಿದವು. ಫಾಬ್ರೆಯ ಹಂಡೆ ತಣ್ಣಗಾಯಿತು. ಬಣ್ಣದ ಹಂಡೆ ಕೊಡದ್ದನ್ನು ಇನ್ನು ಮಸಿಕುಡಿಕೆಯಿಂದ ತೆಗೆಯಲು ನೋಡೋಣ ಎಂಬರ್ಥದ ಮಾತನ್ನು ಮುಪ್ಪಿನಲ್ಲಿ ಈ ಘಟನೆ ನೆನೆದು ಬರೆದಿದ್ದಾನೆ. ಅವನು ಸಾಹಿತಿಯಾಗಬೇಕೆಂದು ಲೇಖನಿ ಹಿಡಿದವನಲ್ಲ. ಬಣ್ಣದ ವ್ಯಾಪಾರ ಮುಳುಗಿದ್ದರಿಂದ ಹಿಡಿದ.

1870

ದ್ಯುರ್ಯುಯಿ ಹೆಣ್ಣುಮಕ್ಕಳಿಗೂ ಪ್ರೌಢ ಶಿಕ್ಷಣ ಬೇಕೆಂದು ತರಗತಿಗಳನ್ನು ತೆರೆದಿದ್ದ. ಅವಿನ್ಯೋನಿನಲ್ಲಿ ವಿಜ್ಞಾನದ ಪಾಠ ಫಾಬ್ರೆಯದು. ಹೂವು ಕಾಯಿಗಟ್ಟುವುದು ಹೇಗೆ ಎಂಬುದನ್ನೂ ಹೇಳಿದ. ಹುಡುಗಿಯರ ಮುಂದೆ ಗಂಡುಕೇಸರ, ಹೆಣ್ಣುಕೇಸರದ ಮಾತೇ ಎಂದು ಊರಿನ ಪಾದ್ರಿಗಳು, ಸಂಪ್ರದಾಯಸ್ಥರು ಸಿಡಿದೆದ್ದರು. 1869ರಲ್ಲಿ ಮಂತ್ರಿಯ ಪದವಿ ಹೋಯಿತು, ಮೇಷ್ಟ್ರಿಗಿದ್ದ ಕೊಡೆಯೂ ಹೋಯಿತು. ಮನೆಯ ಒಡತಿಯರು ಇಬ್ಬರು ವಯಸ್ಸಾದ ಅವಿವಾಹಿತೆಯರು. ಮನೆ ಖಾಲಿ ಮಾಡು ಎಂದರು. ಮಾತಿನ ಮೇಲೆ ನಡೆದಿದ್ದ ಬಾಡಿಗೆ, ಕೈಯಲ್ಲಿ ಕರಾರುಪತ್ರವಿಲ್ಲ.

ಹೊತ್ತೂ ಕೆಟ್ಟದಾಗಿತ್ತು. ಪ್ರಷ್ಯದೊಡನೆ ಯುದ್ಧ, ಪ್ಯಾರಿಸ್ಸಿಗೆ ಮುತ್ತಿಗೆ. ಅಷ್ಟರಲ್ಲಾಗಲೇ ಶಾಲಾಪುಸ್ತಕ ಬರೆಯಲು ತೊಡಗಿದ್ದ ಫಾಬ್ರೆಗೆ ಪ್ರಕಾಶಕನಿಂದ ಬರಬೇಕಾದ ದುಡ್ಡು ಪ್ಯಾರಿಸ್ಸಿನಲ್ಲೇ ಸಿಕ್ಕಿಕೊಂಡಿತು. ಏಳು ಜನರ ಸಂಸಾರ, ಬೀದಿಗೆ ಬರುವ ಸ್ಥಿತಿ.

ಕೈ ಹಿಡಿದವನು ಜಾನ್ ಸ್ಟುವರ್ಟ್ ಮಿಲ್, ಇಂಗ್ಲಿಷ್ ತತ್ವಜ್ಞಾನಿ. ಹೆಂಡತಿ ಅವಿನ್ಯೋನಿನಲ್ಲಿ ತೀರಿಕೊಂಡಿದ್ದರಿಂದ ಅವಳ ಸಮಾಧಿ ಕಾಣುವ ಹಾಗೆ ಅಲ್ಲೊಂದು ಮನೆ ಕೊಂಡು ವರ್ಷದಲ್ಲಿ ಕೆಲವು ತಿಂಗಳು ಇರುತ್ತಿದ್ದ. ಅವನಿಗೂ ಗಿಡಮೂಲಿಕೆಯ ಹುಚ್ಚು. ಇಬ್ಬರೂ ಬೆಟ್ಟ ಸುತ್ತುತ್ತಿದ್ದರು, ಹೆಚ್ಚು ಮಾತಿಲ್ಲದೆ. ಮಿಲ್ 3000 ಫ್ರಾಂಕ್ ಸಾಲ ಕೊಟ್ಟ. ಪತ್ರವಿಲ್ಲ, ಜಾಮೀನಿಲ್ಲ. ಎರಡು ವರ್ಷದ ಸಂಬಳಕ್ಕೆ ಹತ್ತಿರದ ಮೊತ್ತ. ಫಾಬ್ರೆ ಸಂಸಾರವನ್ನು ಓರಾಂಜ್ ಎಂಬ ಪುಟ್ಟ ಊರಿಗೆ ಸಾಗಿಸಿದ. ಪಿಂಚಣಿಯಿಲ್ಲದೆ ಮೇಷ್ಟ್ರುಗಿರಿಗೆ ವಿದಾಯ ಹೇಳಿದ. ಸಾಲವನ್ನು ಪೂರ್ತಿ ತೀರಿಸಿದ.

ಇದು 'ಧೈರ್ಯ ಮಾಡಿ ಕೆಲಸ ಬಿಟ್ಟ' ಕಥೆಯಲ್ಲ. ನೂಕಿದರು, ಹೊರಗೆ ಬಿದ್ದ. ಬಿದ್ದಲ್ಲಿ ಹಾಸಲು ಗೆಳೆಯನ ದುಡ್ಡಿತ್ತು, ಆಗಲೇ ಕುದುರಿದ್ದ ಪ್ರಕಾಶಕನಿದ್ದ. ಕೆಲಸ ಬಿಟ್ಟು ಬರೆದು ಬದುಕುತ್ತೇನೆ ಎನ್ನುವ ಎಳೆಯರು ಫಾಬ್ರೆಯನ್ನು ಉದಾಹರಿಸಿದಾಗ ನಾನು ಈ ಎರಡು ಸಂಗತಿಗಳನ್ನು ನೆನಪಿಸುತ್ತೇನೆ. ಅವರಿಗೆ ಅದು ಇಷ್ಟವಾಗುವುದಿಲ್ಲ.

ಪಾಲ್ ಮಾವನ ಅನ್ನ

ಓರಾಂಜಿನ ಸುಮಾರು ಒಂಬತ್ತು ವರ್ಷ ಫಾಬ್ರೆಯ ಬದುಕಿನ ಹೆಚ್ಚು ಮಾತಿಗೆ ಬಾರದ ಭಾಗ. ನನಗೆ ಇದೇ ತಿರುಳು. ಪ್ರಕಾಶಕ ಶಾರ್ಲ್ ದೆಲಾಗ್ರಾವನಿಗೆ ಪುಸ್ತಕದ ಮೇಲೆ ಪುಸ್ತಕ ಬರೆದುಕೊಟ್ಟ: ಆಕಾಶ, ಭೂಮಿ, ಗಿಡ, ಬೆಳೆ ತಿನ್ನುವ ಹುಳು, ಬೆಳೆ ಕಾಯುವ ಹುಳು, ಅಂಕಗಣಿತ, ರಸಾಯನ, ಮನೆವಾರ್ತೆ. ಡಜನ್‌ಗಟ್ಟಲೆ. ಹಲವದರಲ್ಲಿ ಪಾಲ್ ಮಾವ ಎಂಬ ಹಿರಿಯ ಮಕ್ಕಳನ್ನು ಕೂರಿಸಿಕೊಂಡು ಕಥೆಯಂತೆ ವಿಜ್ಞಾನ ಹೇಳುತ್ತಾನೆ. ಕೇಳುವ ಮಕ್ಕಳ ಹೆಸರು ಎಮಿಲ್, ಝ್ಯೂಲ್, ಕ್ಲೇರ್. ಅವು ಫಾಬ್ರೆಯ ಮಕ್ಕಳದೇ ಹೆಸರು.

ಶಾಲಾಪುಸ್ತಕ ಎಂದರೆ ಹೊಟ್ಟೆಪಾಡಿನ ಬರವಣಿಗೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಅವನ ಗದ್ಯ ಪಳಗಿದ್ದು ಇಲ್ಲಿ. ಹತ್ತು ವರ್ಷದ ಮಗು ಎಲ್ಲಿ ಆಕಳಿಸುತ್ತದೆ ಎಂಬುದು ಗೊತ್ತಿಲ್ಲದವನು ಮುಂದೆ ಕಂಬಳಿಹುಳುಗಳ ಮೆರವಣಿಗೆಯನ್ನು ಹಾಗೆ ಬರೆಯಲಾರ. ಪಂಡಿತರು ಅವನ ಭಾಷೆಗೆ ಗಾಂಭೀರ್ಯ ಸಾಲದು ಎಂದರು. ದಣಿವಿಲ್ಲದೆ ಓದಿಸಿಕೊಳ್ಳುವ ಪುಟದಲ್ಲಿ ಸತ್ಯ ಇರಲಾರದೆಂದು ಅವರಿಗೆ ಭಯ ಎಂದು ಅವನು ತಿರುಗಿ ಕುಟುಕಿದ.

ಇದೇ ವರ್ಷಗಳಲ್ಲಿ, 1877ರಲ್ಲಿ, ಝ್ಯೂಲ್ ತೀರಿಕೊಂಡ. ವಯಸ್ಸು ಹದಿನಾರು. ಅಪ್ಪನ ಜೊತೆ ಹುಳು ಹುಡುಕುತ್ತಿದ್ದ ಹುಡುಗ. ಫಾಬ್ರೆ ತಾನು ವಿವರಿಸಿದ ಮೂರು ಕಣಜಗಳಿಗೆ ಮಗನ ಹೆಸರಿಟ್ಟ. 1879ರಲ್ಲಿ ಹೊರಬಂದ ಅವನ ಮುಖ್ಯ ಕೃತಿ 'ಕೀಟಲೋಕದ ನೆನಪುಗಳು' ಮೊದಲ ಸಂಪುಟದ ಕೊನೆಯಲ್ಲಿ ಆ ಹೆಸರುಗಳಿವೆ.

ಬೀಳು

ಅದೇ ವರ್ಷ ಓರಾಂಜಿನ ಮನೆಯೊಡೆಯ ಮನೆ ಮುಂದಿನ ಮರಸಾಲನ್ನು ಕಡಿಸಿದ. ರೇಗಿದ ಫಾಬ್ರೆ ಅಲ್ಲಿಂದ ಎದ್ದ. ಪಕ್ಕದ ಸೆರಿನ್ಯಾ ಹಳ್ಳಿಯಲ್ಲಿ ಹೆಚ್ಚುಕಡಿಮೆ ಒಂದು ಹೆಕ್ಟೇರು ಕಲ್ಲುಭೂಮಿ, ಒಂದು ಮನೆ ಕೊಂಡ. ದುಡ್ಡು ಪಾಲ್ ಮಾವನದು. ಆ ಸೀಮೆಯ ಮಾತಿನಲ್ಲಿ 'ಅರ್ಮಾಸ್' ಎಂದರೆ ಉಳುಮೆಯಾಗದ ಜಾಗ, ನಾವು ಬೀಳು ಎನ್ನುತ್ತೇವಲ್ಲ, ಅದು. ಬೇಸಾಯಗಾರ ಮುಖ ತಿರುಗಿಸುವ ಮುಳ್ಳುಗಿಡಗಳಿಗೆ ಸಕಲ ಕಣಜ, ಜೇನು ಮುತ್ತುತ್ತಿದ್ದವು.

ಸ್ವಂತ ಜಾಗ ಯಾಕೆ ಬೇಕಿತ್ತು ಎನ್ನುವುದಕ್ಕೆ ಅವನೇ ಹೇಳುವ ಪ್ರಸಂಗವಿದೆ. ಒಮ್ಮೆ ಬೆಳಿಗ್ಗೆಯಿಂದ ಹಳ್ಳದ ಬದಿಯಲ್ಲಿ ಕಲ್ಲಿನ ಮೇಲೆ ಕೂತು ಕಣಜ ಕಾಯುತ್ತಿದ್ದ. ದ್ರಾಕ್ಷಿ ಕೊಯ್ಯಲು ಹೊರಟ ಮೂವರು ಹೆಂಗಸರು ನಮಸ್ಕಾರ ಹೇಳಿ ಹೋದರು. ಸಂಜೆ ಬುಟ್ಟಿ ಹೊತ್ತು ಮರಳಿದಾಗಲೂ ಅವನು ಅದೇ ಕಲ್ಲಿನ ಮೇಲೆ, ಅದೇ ನೆಲ ದಿಟ್ಟಿಸುತ್ತ. ಒಬ್ಬಳು ಹಣೆಗೆ ಬೆರಳು ಮುಟ್ಟಿಸಿ, ಪಾಪ ಬುದ್ಧಿಯಿಲ್ಲದವನು ಎಂದು ಉಳಿದವರಿಗೆ ಪಿಸುಗುಟ್ಟಿದಳು. ಮೂವರೂ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಗೋಡೆ ಕಟ್ಟಿದ ಬೀಳಿನಲ್ಲಿ ಈ ಕಾಟವಿಲ್ಲ. ನಲವತ್ತು ವರ್ಷ ಕಾದ ಜಾಗ ಸಿಕ್ಕಿತು, ಆದರೆ ಹಲ್ಲು ಬಿದ್ದ ಮೇಲೆ ಹಣ್ಣು ಬಂದ ಹಾಗಾಯಿತೇನೋ ಎಂದು ಹಲುಬಿದ. ಆಗ ಅವನಿಗೆ ಐವತ್ತೈದು. ಇನ್ನೂ ಮೂವತ್ತಾರು ವರ್ಷ ಬದುಕಿದ, ಇನ್ನೂ ಒಂಬತ್ತು ಸಂಪುಟ ಬರೆದ. ಕೊನೆಯದು 1907ರಲ್ಲಿ.

ಅಲ್ಲಿನ ಕೆಲಸದ ಒಂದು ಮಾದರಿ. ಪೈನ್ ಮರದ ಕಂಬಳಿಹುಳುಗಳು ಮುಂದಿನದರ ಬಾಲಕ್ಕೆ ಹಿಂದಿನದು ತಲೆ ಹಚ್ಚಿ, ರೇಷ್ಮೆ ಎಳೆಯ ಜಾಡಿನಲ್ಲಿ ಸಾಲಾಗಿ ಸಾಗುತ್ತವೆ. 1896ರ ಜನವರಿ 30ರಂದು ಅಂಥ ಒಂದು ಸಾಲು ದೊಡ್ಡ ಕುಂಡದ ಅಂಚಿಗೆ ಏರಿತು. ಸುತ್ತು ಮುಚ್ಚಿದ ಕೂಡಲೇ ಫಾಬ್ರೆ ಉಳಿದ ಹುಳುಗಳನ್ನು ಗುಡಿಸಿ, ಕೆಳಗಿಳಿಯುವ ಎಳೆಯನ್ನು ಒರೆಸಿಹಾಕಿದ. ಈಗ ಮೊದಲನೆಯದೂ ಇಲ್ಲ, ಕೊನೆಯದೂ ಇಲ್ಲ. ಏಳು ದಿನ ಸುತ್ತಿದವು. ಚಳಿಗೆ ಮುದುಡಿದವು, ಹಸಿದವು, ಮತ್ತೆ ಸುತ್ತಿದವು. ಮೇವು ಒಂದು ಗೇಣಿನ ಆಚೆ ಇತ್ತು. ಅವನ ಲೆಕ್ಕದಲ್ಲಿ ನಡೆದದ್ದು 84 ಗಂಟೆ, 453 ಮೀಟರು, 335 ಸುತ್ತು. ಈ ಅಂಕಿಗಳನ್ನು ನೋಡಿ. ನಡೆ ಅಳೆಯಲು, ಕೂತು ಕಾಯಲು ಏಳು ದಿನ ಬೇಕು. ಯಾರಿಗೂ ವರದಿ ಒಪ್ಪಿಸಬೇಕಿಲ್ಲದ, ಗಂಟೆ ಹೊಡೆದರೆ ತರಗತಿಗೆ ಓಡಬೇಕಿಲ್ಲದ ಮನುಷ್ಯ ಬೇಕು. ಪಠ್ಯಪುಸ್ತಕ ಕೊಂಡುಕೊಟ್ಟದ್ದು ಆ ಏಳು ದಿನಗಳನ್ನು.

ಒಬ್ಬಂಟಿ ಎಂದೂ ತಿಳಿಯಬಾರದು. ಕ್ರಿಮಿಯಾ ಯುದ್ಧ ಕಂಡ ಮುದಿ ಸಿಪಾಯಿ ಫಾವಿಯೆ ಹುಳು ಹಿಡಿಯಲು ನೆರವಾಗುತ್ತಿದ್ದ. ಮಕ್ಕಳು ಗೂಡು ಕಾಯುತ್ತಿದ್ದರು. ಸಗಣಿಹುಳು ಮೊಟ್ಟೆಯನ್ನು ಎಲ್ಲಿಡುತ್ತದೆ ಎಂಬುದು ಮೊದಲ ಸಂಪುಟದಲ್ಲಿ ಅವನಿಗೆ ಬಗೆಹರಿದಿರಲಿಲ್ಲ. ಉರುಳಿಸುವ ಉಂಡೆಯಲ್ಲಲ್ಲ, ನೆಲದಡಿ ಪೇರುಹಣ್ಣಿನ ಆಕಾರದಲ್ಲಿ ತಿದ್ದಿದ ಬೇರೊಂದು ಮುದ್ದೆಯಲ್ಲಿ ಎಂಬ ಉತ್ತರ ಬಂದದ್ದು 1897ರ ಸಂಪುಟದಲ್ಲಿ. ಆ ಮುದ್ದೆಯನ್ನು ಮೊದಲು ತಂದುಕೊಟ್ಟವನು ಕುರಿ ಕಾಯುವ ಹುಡುಗ.

ಓದದಿರುವುದರ ಬೆಲೆ

ಪಾಶ್ಚರನ ಗೂಡಿಗೆ ಮರಳೋಣ. ಅಂದಿನ ಭೇಟಿಯಿಂದ ಫಾಬ್ರೆ ವಿಚಿತ್ರವಾದ ಪಾಠ ಕಲಿತ. ಏನೂ ಗೊತ್ತಿಲ್ಲದೆ ಬಂದವನೇ ರೋಗ ಬಿಡಿಸಿದ ಎಂದಮೇಲೆ ತಿಳಿಯದಿರುವುದೇ ಒಳ್ಳೆಯ ದಾರಿ. ನಾನು ಬಹಳ ಕಡಿಮೆ ಓದುತ್ತೇನೆ, ಹುಳುವನ್ನೇ ಕೇಳುತ್ತೇನೆ ಎಂದು ಹೆಮ್ಮೆಯಿಂದ ಬರೆದುಕೊಂಡ.

ಇಲ್ಲಿ ನನಗೂ ಅವನಿಗೂ ಜಗಳ. ಪಾಶ್ಚರ್ ತಿಳಿಯದೆ ಬಂದ ನಿಜ, ಆದರೆ ತಿದ್ದುವ ಅಕಾಡೆಮಿ, ಎದುರು ವಾದಿಸುವ ಸಹೋದ್ಯೋಗಿಗಳು ಅವನ ಸುತ್ತ ಇದ್ದರು. ಮೊದಮೊದಲು ಅವನು ಪೆಬ್ರಿನ್ ಬಗ್ಗೆ ತಪ್ಪು ದಾರಿಯನ್ನೇ ಹಿಡಿದಿದ್ದ, ಆಮೇಲೆ ತಿದ್ದಿಕೊಂಡ. ಫಾಬ್ರೆಯ ಗೋಡೆಯೊಳಗೆ ಆ ಸದ್ದು ಕೇಳುತ್ತಿರಲಿಲ್ಲ. ಒಂದು ಕಣಜ ಕಂಬಳಿಹುಳುವಿನ ಗಂಟುಗಂಟಿಗೂ ತಪ್ಪದೆ ಚುಚ್ಚುವುದನ್ನು ಕಂಡು, ಹುಟ್ಟರಿವು ಎಂಬುದು ಒಂದಿನಿತೂ ತಪ್ಪದ, ಬದಲಾಗದ ವಿದ್ಯೆ, ಆದ್ದರಿಂದ ವಿಕಾಸವಾದ ಸುಳ್ಳು ಎಂಬ ತೀರ್ಮಾನಕ್ಕೆ ಬಂದು ಕೊನೆಯವರೆಗೂ ಬಿಡಲಿಲ್ಲ. 1898ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಾರ್ಜ್ ಮತ್ತು ಎಲಿಜಬೆತ್ ಪೆಕ್ಕಮ್ ದಂಪತಿ ಅಂಥ ಕಣಜಗಳನ್ನು ನೋಡಿ ಬೇರೆಯದೇ ಬರೆದರು: ಒಂದು ಚುಚ್ಚಿದ ಹಾಗೆ ಇನ್ನೊಂದು ಚುಚ್ಚದು, ಕೆಲವು ಬೇಟೆ ಸತ್ತೇ ಹೋಗುತ್ತದೆ, ಮರಿ ಸತ್ತದ್ದನ್ನೂ ತಿಂದು ಬೆಳೆಯುತ್ತದೆ. ಆ ವ್ಯತ್ಯಾಸವೇ ಡಾರ್ವಿನ್ನನಿಗೆ ಬೇಕಾದ ಕಚ್ಚಾ ಸರಕು.

ಇನ್ನೂ ಸೋಜಿಗವೆಂದರೆ ಈ ವ್ಯತ್ಯಾಸ ಫಾಬ್ರೆಯ ಪುಟಗಳಲ್ಲೇ ಇದೆ. ಕಣಜವೊಂದು ಚಿಮ್ಮಂಡೆಯನ್ನು ಬಿಲದ ಬಾಯಿಗೆ ತಂದಿಟ್ಟು, ಒಳಗೆ ಹೋಗಿ ನೋಡಿಬರುತ್ತದೆ. ಆ ಹೊತ್ತಿನಲ್ಲಿ ಇವನು ಬೇಟೆಯನ್ನು ಸ್ವಲ್ಪ ದೂರ ಸರಿಸಿದ. ಮರಳಿ ಬಂದ ಕಣಜ ಅದನ್ನು ಮತ್ತೆ ಬಾಯಿಗೆ ತಂದು, ಮತ್ತೆ ಒಳಗೆ ನೋಡಲು ಹೋಯಿತು. ನಲವತ್ತು ಸಲ ಹೀಗೆ. ಪ್ರಾಣಿಗಳ ಯಾಂತ್ರಿಕತೆಗೆ ಉದಾಹರಣೆಯೆಂದು ತತ್ವಶಾಸ್ತ್ರದ ಪುಸ್ತಕಗಳು ಇಂದಿಗೂ ಇದನ್ನು ಹೇಳುತ್ತವೆ. ಮುಂದಿನದನ್ನು ಬಹುಪಾಲು ಬಿಡುತ್ತವೆ: ಬೇರೊಂದು ಗುಂಪಿನ ಕಣಜಗಳು ಎರಡು ಮೂರು ಸಲಕ್ಕೇ ಎಚ್ಚೆತ್ತು ಬೇಟೆಯನ್ನು ನೇರ ಒಳಗೆಳೆದವು ಎಂದೂ ಫಾಬ್ರೆ ಬರೆದಿದ್ದಾನೆ. ಕಂಡದ್ದನ್ನು ಮುಚ್ಚಿಡುವ ಮನುಷ್ಯನಲ್ಲ. ಕಂಡದ್ದು ತನ್ನ ಮಾತನ್ನೇ ಅಲುಗಿಸುತ್ತಿದೆ ಎಂದು ಹೇಳುವವರು ಬೀಳಿನ ಗೋಡೆಯೊಳಗೆ ಇರಲಿಲ್ಲ.

ಡಾರ್ವಿನ್ ಒಬ್ಬ ಇರಬಹುದಿತ್ತು. ಮೊದಲ ಸಂಪುಟ ಓದಿ 1880ರಲ್ಲಿ ಕಾಗದ ಬರೆದು, ದೂರ ಒಯ್ದ ಜೇನುಗಳನ್ನು ಬಿಡುವ ಮುಂಚೆ ಡಬ್ಬಿಯನ್ನು ಗಿರಗಿರ ತಿರುಗಿಸಿ ನೋಡು, ದಿಕ್ಕು ತಪ್ಪುತ್ತವೆಯೋ ಎಂದು ಸೂಚಿಸಿದ. ಫಾಬ್ರೆ ಹುರುಪಿನಿಂದ ಮಾಡಿದ. ತಿರುಗಿಸಿದರೂ ಹತ್ತರಲ್ಲಿ ಮೂರರಂತೆ ಮನೆಗೆ ಬಂದವು. ಇದೆಲ್ಲ ಅಚ್ಚಾಗುವ ಹೊತ್ತಿಗೆ, 1882ರಲ್ಲಿ, ಡಾರ್ವಿನ್ ತೀರಿಕೊಂಡಿದ್ದ.

ಕೊನೆಯ ಬಾಕಿ

ಹೊಸ ಪಠ್ಯಗಳು ಬಂದಂತೆ ಶತಮಾನದ ಕೊನೆಯಲ್ಲಿ ಪಾಲ್ ಮಾವನ ಮಾರಾಟ ಇಳಿಯಿತು. 'ಕೀಟಲೋಕದ ನೆನಪುಗಳು' ಮೊದಲಿನಿಂದಲೂ ಬೇಗ ಖರ್ಚಾಗುವ ಪುಸ್ತಕವಲ್ಲ. ಮೊದಲ ಹೆಂಡತಿ 1885ರಲ್ಲಿ ಹೋಗಿ, ಎರಡನೆಯ ಮದುವೆಯಿಂದ ಮತ್ತೆ ಮೂರು ಎಳೆಯ ಮಕ್ಕಳು. ಎಂಬತ್ತು ದಾಟಿದ ಮುದುಕ ಮತ್ತೆ ಕಾಸಿಗೆ ಕಾಸು ಎಣಿಸಬೇಕಾಯಿತು. ತಾನು ಬಿಡಿಸಿದ ಅಣಬೆಗಳ ನೂರಾರು ಬಣ್ಣದ ಚಿತ್ರಗಳನ್ನು ಮಾರಲು ಯೋಚಿಸಿದ. ಈ ವಿಷಯ ಪ್ರೊವಾನ್ಸಿನ ಕವಿ ಮಿಸ್ತ್ರಾಲನ ಕಿವಿಗೆ ಬಿದ್ದು, ಅವನು ಅಧಿಕಾರಿಗಳನ್ನು ಎಚ್ಚರಿಸಿದ. ಅಭಿಮಾನಿ ವೈದ್ಯ ಲೆಗ್ರೋ 1910ರ ಏಪ್ರಿಲಿನಲ್ಲಿ ಸೆರಿನ್ಯಾದಲ್ಲಿ ಸನ್ಮಾನ ಏರ್ಪಡಿಸಿದ. ಪತ್ರಿಕೆಗಳು ಬರೆದವು, ಪುಸ್ತಕ ಓಡಿತು, ಪಿಂಚಣಿ ಬಂತು. 1913ರಲ್ಲಿ ಗಣರಾಜ್ಯದ ಅಧ್ಯಕ್ಷ ಪ್ವಾಂಕಾರೆ ಮನೆ ಬಾಗಿಲಿಗೇ ಬಂದ. ಫಾಬ್ರೆ ತೀರಿಕೊಂಡದ್ದು 1915ರ ಅಕ್ಟೋಬರ್ 11ರಂದು. ಬೀಳು ಈಗ ಫ್ರಾನ್ಸಿನ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯದ ಆಸ್ತಿ. ಬದುಕಿದ್ದಾಗ ಪ್ರಾಧ್ಯಾಪಕನ ಕೆಲಸ ಕೊಡದ ರಾಜ್ಯ, ಸತ್ತ ಮೇಲೆ ಅವನ ಜಾಗವನ್ನು ಕೊಂಡಿತು.

ಅವನು ಅರ್ಧಕ್ಕೆ ಬಿಟ್ಟ ಒಂದು ಪ್ರಶ್ನೆಯಿದೆ. ಒಂದು ಮೇ 6ರ ಬೆಳಿಗ್ಗೆ ಅವನ ಮೇಜಿನ ಮೇಲೆ ದೊಡ್ಡ ಪತಂಗದ ಹೆಣ್ಣೊಂದು ಗೂಡೊಡೆದು ಬಂತು. ತಂತಿಬಲೆಯ ಮುಚ್ಚಳದಡಿ ಇಟ್ಟ. ರಾತ್ರಿ ಒಂಬತ್ತಕ್ಕೆ ಪುಟ್ಟ ಮಗ ಪೌಲ್ ಅರೆಬರೆ ಬಟ್ಟೆಯಲ್ಲಿ ಕೋಣೆಯಲ್ಲಿ ಕುಣಿಯುತ್ತ ಕೂಗಿದ: ಹಕ್ಕಿಯಷ್ಟು ದೊಡ್ಡ ಪತಂಗಗಳು ಮನೆ ತುಂಬಿವೆ! ಮೇಣದಬತ್ತಿ ಹಿಡಿದು ಹೋದರೆ ಸುಮಾರು ನಲವತ್ತು ಗಂಡು ಬಲೆಯ ಸುತ್ತ. ಎಂಟು ರಾತ್ರಿಗಳಲ್ಲಿ ನೂರೈವತ್ತು. ಕತ್ತಲಲ್ಲಿ, ದೂರದೂರದಿಂದ, ಯಾವ ಸುದ್ದಿಯ ಮೇಲೆ? ವರ್ಷಗಟ್ಟಲೆ ಬೇರೆ ಬೇರೆ ಪತಂಗಗಳ ಮೇಲೆ ಪರೀಕ್ಷೆ ಮಾಡಿದ. ಕೊನೆಗೆ ಒಂದು ಹೆಣ್ಣನ್ನು ಎದುರಿಗೇ ಕಾಣುವ ಹಾಗೆ ಗಾಜಿನ ಮುಚ್ಚಳದಡಿ ಇಟ್ಟಾಗ, ಗಂಡುಗಳು ಅವಳನ್ನು ದಾಟಿ, ಅವಳು ಹಿಂದಿನ ರಾತ್ರಿ ಕೂತಿದ್ದ ಮರಳಿನ ತಟ್ಟೆಗೆ ಮುತ್ತಿದವು. ವಾಸನೆ ಎಂದು ಬರೆದ. ಮನುಷ್ಯನ ಮೂಗಿಗೆ ಸಿಗದ ವಾಸನೆ. ಅದಕ್ಕಿಂತ ಮುಂದೆ ಹೋಗಲು ಮರಳಿನ ತಟ್ಟೆ ಸಾಲದು.

ಹೋದದ್ದು 1959ರಲ್ಲಿ, ಜರ್ಮನಿಯ ರಸಾಯನವಿಜ್ಞಾನಿ ಬುಟೆನಾಂಟ್ ಮತ್ತು ಅವನ ತಂಡ. ಇಪ್ಪತ್ತು ವರ್ಷದ ಹತ್ತಿರ ದುಡಿದು, ಸುಮಾರು ಐದು ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳಿಂದ ಗಂಡನ್ನು ಸೆಳೆಯುವ ಆ ವಾಸನೆಯ ಪದಾರ್ಥವನ್ನು ಕೆಲವೇ ಮಿಲಿಗ್ರಾಂ ತೆಗೆದು ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು. ಅಷ್ಟು ಪತಂಗಗಳನ್ನು ತಂದದ್ದು ರೇಷ್ಮೆ ಸಾಕಣೆಯಿಂದ. ಪಾಶ್ಚರ್ ಕಿವಿಯ ಹತ್ತಿರ ಅಲ್ಲಾಡಿಸಿದನಲ್ಲ, ಅಂಥ ಐದು ಲಕ್ಷ ಗೂಡುಗಳಿಂದ.